ಲೇಸರ್ ಕಟಿಂಗ್ ಫೈಲ್ ರೆಡಿ ಮಾಡಲು ಲಿಬ್ರೆಕ್ಯಾಡ್: ಮೂರು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ನಮ್ಮದು ತುಮಕೂರಿನಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಗೇಟು, ಗ್ರಿಲ್ಲು, ಮೆಟ್ಟಿಲಿನ ರೇಲಿಂಗು, ಮೆಷಿನ್ ಕವರು, ಬ್ರಾಕೆಟ್ಟು, ಮನೆ ಮುಂದಿನ ಹೆಸರಿನ ಬೋರ್ಡು ಎಲ್ಲ ಮಾಡುತ್ತೇವೆ. ವೆಲ್ಡಿಂಗ್, ಗ್ರೈಂಡಿಂಗ್, ಪೇಂಟಿಂಗ್ ನಮ್ಮಲ್ಲೇ ಆಗುತ್ತದೆ. ಕಂಪ್ಯೂಟರಿನ ಡ್ರಾಯಿಂಗ್ ಫೈಲ್ ನೋಡಿ ಶೀಟ್ ಕತ್ತರಿಸುವ ಸಿಎನ್‌ಸಿ ಲೇಸರ್ ಮಾತ್ರ ನಮ್ಮ ಹತ್ತಿರ ಇಲ್ಲ. ಅದಕ್ಕೆ ಪೀಣ್ಯದಲ್ಲಿ ಜಾಬ್ ವರ್ಕ್ ಕೊಡುತ್ತೇವೆ. ತುಮಕೂರು ರಸ್ತೆ ಹಿಡಿದು ಹೋದರೆ ಸುಮಾರು 60 ಕಿಲೋಮೀಟರ್. ಫೈಲ್ ತಪ್ಪಿದ್ದರೆ ಒಂದು ದಿನ ಹೋಯಿತು, ಶೀಟು ಹೋಯಿತು, ಟೆಂಪೋ ಬಾಡಿಗೆಯೂ ಹೋಯಿತು. ಹಾಗಾಗಿ ಕಟಿಂಗ್ ಶಾಪ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ನಾವು ಕಳಿಸುವ ಫೈಲ್ ಎಷ್ಟು ಸ್ವಚ್ಛವಾಗಿದೆ ಅನ್ನುವುದೇ ನಮಗೆ ದೊಡ್ಡ ವಿಷಯ. ಆ ಫೈಲ್ ಮಾಡಲು ನಾನು ಮೂರು ವರ್ಷದಿಂದ ಬಳಸುತ್ತಿರುವ ಸಾಫ್ಟ್‌ವೇರ್ ಲಿಬ್ರೆಕ್ಯಾಡ್. ನನ್ನ ಹಾಗೆ ಸಣ್ಣ ಶೆಡ್ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಡ್ರಾಯಿಂಗ್ ಹೊರಗೆ ಮಾಡಿಸುತ್ತಿದ್ದೆ. ಒಂದು ಬ್ರಾಕೆಟ್ಟಿನಲ್ಲಿ ಒಂದು ಹೋಲ್ 5 ಎಂಎಂ ಆಚೆ ಹಾಕಬೇಕು ಅಂದರೂ ಮತ್ತೆ ಅವರ ಹತ್ತಿರ ಹೋಗಿ ಕಾಯಬೇಕಿತ್ತು. ಡ್ರಾಯಿಂಗ್ ಮಾಡುವ ದುಬಾರಿ ಸಾಫ್ಟ್‌ವೇರ್ ಆಟೋಕ್ಯಾಡಿಗೆ ಚಂದಾ ಕಟ್ಟುವಷ್ಟು ಕೆಲಸ ನಮಗಿಲ್ಲ. ಕ್ರ್ಯಾಕ್ ಮಾಡಿದ್ದು ಹಾಕಿಕೊಡುತ್ತೇವೆ ಅಂದವರು ಬೇಕಾದಷ್ಟು ಜನ ಇದ್ದರು, ಅದು ಬೇಡ ಅಂದುಕೊಂಡೆ. ಲಿಬ್ರೆಕ್ಯಾಡ್ ಪೂರ್ತಿ ಉಚಿತ, ಕಾನೂನು ಪ್ರಕಾರವೇ ಉಚಿತ. ಕ್ಯುಕ್ಯಾಡ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಹಳೆಯ ಉಚಿತ ಆವೃತ್ತಿಯಿಂದ ಕವಲೊಡೆದು ಬೆಳೆದದ್ದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನನ್ನದು 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಕೂಡ ಇಲ್ಲ. ಅದರಲ್ಲೇ ಆರಾಮಾಗಿ ಓಡುತ್ತದೆ. ಇದು 2ಡಿ ಮಾತ್ರ. ಉದ್ದ ಅಗಲ ಅಷ್ಟೇ, ದಪ್ಪ ಇಲ್ಲ. ಚಪ್ಪಟೆ ಶೀಟ್ ಕತ್ತರಿಸುವವರಿಗೆ ಬೇಕಾದದ್ದೂ ಅಷ್ಟೇ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನಾನು ಮೊದಲ ಆರು ತಿಂಗಳು ಒದ್ದಾಡಿದೆ. ನಾವು ನೋಡುವುದು ಚಿತ್ರ, ಮೆಷಿನ್ ನೋಡುವುದು ಗೆರೆ. ನಾವು ಕಟಿಂಗ್ ಶಾಪಿಗೆ ಕಳಿಸುವ ಡ್ರಾಯಿಂಗ್ ಫೈಲಿನ ಮಾದರಿ ಡಿಎಕ್ಸ್‌ಎಫ್. ಒಂದು ಡಿಎಕ್ಸ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ಒಮ್ಮೆ ತೆರೆದು ನೋಡಿ. ಇದು 1982ರಲ್ಲಿ ಆಟೋಕ್ಯಾಡ್ ಜೊತೆಗೇ ಬಂದ ಮಾದರಿ, ಸಾಮಾನ್ಯವಾಗಿ ಸುಮ್ನೆ ಅಕ್ಷರ ಮತ್ತು ಅಂಕಿಗಳ ಉದ್ದ ಪಟ್ಟಿ. ಲೈನ್ ಅಂತ ಒಂದು ಸಾಲು. ಕೆಳಗೆ 8 ಅಂತ ಇದ್ದರೆ ಅದರ ಮುಂದಿನ ಸಾಲು ಲೇಯರಿನ ಹೆಸರು, ಅಂದರೆ ಆ ಗೆರೆ ಡ್ರಾಯಿಂಗಿನ ಯಾವ ಪದರದಲ್ಲಿದೆ ಅಂತ. 10 ಮತ್ತು 20ರ ಕೆಳಗೆ ಗೆರೆ ಶುರುವಾಗುವ ಜಾಗ, 11 ಮತ್ತು 21ರ ಕೆಳಗೆ ಮುಗಿಯುವ ಜಾಗ. ಇಷ್ಟೇ. ಇದು ಗೇಟು, ಇದು ಬ್ರಾಕೆಟ್ಟು, ಇದು ಕಸ ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ನೀವು ಅಳತೆ ತೋರಿಸಲು ಹಾಕಿದ ಬಾಣದ ಗೆರೆಯೂ ಗೆರೆಯೇ, ಸೆಂಟರ್ ಲೈನೂ ಗೆರೆಯೇ. ಆಪರೇಟರ್ ನೋಡಿ ತೆಗೆದರೆ ಸರಿ, ಇಲ್ಲದಿದ್ದರೆ ಅದೂ ಕಟ್ ಆಗುತ್ತದೆ.

ಈಗ ಲಿಬ್ರೆಕ್ಯಾಡಿನ ಒಳ್ಳೇ ಗುಣಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಅದರ ಸೆಲೆಕ್ಟ್ ಕಾಂಟೂರ್. ಆಯ್ಕೆಯ ಮೆನುವಿನಲ್ಲಿ ಇದೆ. ಒಂದು ಗೆರೆಯ ಮೇಲೆ ಒತ್ತಿದರೆ ಅದಕ್ಕೆ ತುದಿಗೆ ತುದಿ ಅಂಟಿಕೊಂಡ ಎಲ್ಲ ಗೆರೆಗಳೂ ಒಟ್ಟಿಗೆ ಆಯ್ಕೆ ಆಗುತ್ತವೆ. ಆಕಾರ ಪೂರ್ತಿ ಮುಚ್ಚಿದ್ದರೆ ಸುತ್ತ ಎಲ್ಲವೂ ಬಣ್ಣ ಬದಲಾಯಿಸುತ್ತದೆ. ಎಲ್ಲೋ ಬಿರುಕು ಇದ್ದರೆ ಆಯ್ಕೆ ಅಲ್ಲಿಗೇ ನಿಲ್ಲುತ್ತದೆ. ಆ ಜಾಗಕ್ಕೆ ಜೂಮ್ ಮಾಡುತ್ತಾ ಹೋಗಿ. ಕಣ್ಣಿಗೆ ಕೂಡಿಕೊಂಡ ಹಾಗೆ ಕಂಡಿದ್ದ ಎರಡು ಗೆರೆಗಳ ನಡುವೆ 0.05 ಎಂಎಂ ಸಂದು ಸಿಗುತ್ತದೆ. ಈ ಸಂದು ನಮಗೆ ಏನೂ ಅಲ್ಲ, ವೆಲ್ಡಿಂಗ್‌ನಲ್ಲಿ ಹೋಗಿಬಿಡುತ್ತದೆ. ಆದರೆ ಲೇಸರ್ ಸಾಫ್ಟ್‌ವೇರಿಗೆ ಅದು ಮುಚ್ಚಿದ ಆಕಾರ ಅಲ್ಲ, ಬರೀ ತೆರೆದ ಗೆರೆ. ಒಳಗೆ ಯಾವುದು ಹೊರಗೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಒಳಗೆ ಹೊರಗೆ ಯಾಕೆ ಗೊತ್ತಾಗಬೇಕು ಅಂದರೆ, ಲೇಸರ್ ಕಿರಣಕ್ಕೂ ಒಂದು ದಪ್ಪ ಇದೆ. ತೆಳು ಶೀಟಿನಲ್ಲಿ ಫೈಬರ್ ಲೇಸರ್ 0.1ರಿಂದ 0.3 ಎಂಎಂನಷ್ಟು ಲೋಹವನ್ನು ಸುಟ್ಟು ತೆಗೆಯುತ್ತದೆ. ಇದನ್ನು ಕರ್ಫ್ ಅನ್ನುತ್ತಾರೆ. ಲೋಹ ಕತ್ತರಿಸುವ ಇನ್ನೊಂದು ವಿಧಾನವಾದ ಪ್ಲಾಸ್ಮಾದಲ್ಲಿ ಇದು ಒಂದು ಎಂಎಂ ದಾಟುತ್ತದೆ, ದಪ್ಪ ಪ್ಲೇಟಿಗೆ ಇನ್ನೂ ಜಾಸ್ತಿ. ಹೊರ ಅಂಚಿನಲ್ಲಿ ಕಿರಣ ಗೆರೆಯ ಹೊರಗೆ ಅರ್ಧ ಕರ್ಫ್ ಸರಿದು ಹೋಗಬೇಕು, ಹೋಲಿನಲ್ಲಿ ಗೆರೆಯ ಒಳಗೆ ಸರಿಯಬೇಕು. ಆಗ ಮಾತ್ರ ನಾವು ಬರೆದ ಅಳತೆ ಬರುತ್ತದೆ. ಮೊದಲು ಚುಚ್ಚುವ ಪಿಯರ್ಸಿಂಗ್ ಗುರುತು ಕೂಡ ಬಿಸಾಡುವ ಕಡೆಗೇ ಬೀಳಬೇಕು. ಈ ಸರಿಸುವ ಕೆಲಸವನ್ನು ಕಟಿಂಗ್ ಶಾಪಿನ ಸಾಫ್ಟ್‌ವೇರ್ ಮಾಡುತ್ತದೆ, ನಾವು ಮಾಡಬಾರದು. ನಾವು ನಿಜವಾದ ಅಳತೆ ಬರೆದು ಮುಚ್ಚಿದ ಆಕಾರ ಕೊಟ್ಟರೆ ಸಾಕು. ನಾವೂ ಕರ್ಫ್ ಸೇರಿಸಿ ಅವರೂ ಸೇರಿಸಿದರೆ ಬೇರಿಂಗ್ ಕೂರುವ ತೂತು ಹಾಳಾಗುತ್ತದೆ.

ಸಂದು ಸಿಕ್ಕಾಗ ಸುಮ್ನೆ ಗೆರೆ ಎಳೆದು ಮುಚ್ಚಬೇಡಿ. ಟ್ರಿಮ್ ಟು ಬಳಸಿ ಎರಡೂ ಗೆರೆಯನ್ನು ಮೂಲೆಗೆ ಸರಿಯಾಗಿ ಕೂಡಿಸಿ. ಇಲ್ಲದಿದ್ದರೆ ಅಲ್ಲಿ 0.05 ಎಂಎಂನ ಇನ್ನೊಂದು ಪುಟ್ಟ ಗೆರೆ ಹುಟ್ಟಿಕೊಳ್ಳುತ್ತದೆ. ಬರೆಯುವಾಗಲೇ ಗೆರೆಯ ತುದಿಗೇ ಹೋಗಿ ಅಂಟುವ ಸ್ನ್ಯಾಪ್ ಆನ್ ಎಂಡ್‌ಪಾಯಿಂಟ್ ಹಾಕಿಕೊಂಡಿದ್ದರೆ ಈ ತೊಂದರೆ ಮುಕ್ಕಾಲು ಪಾಲು ಬರುವುದೇ ಇಲ್ಲ. ಎಲ್ಲ ಸರಿಯಾದ ಮೇಲೆ ಪಾಲಿಲೈನ್ ಮೆನುವಿನಲ್ಲಿ ಇರುವ ಗೆರೆಗಳನ್ನು ಪಾಲಿಲೈನ್ ಮಾಡುವ ಆಯ್ಕೆ ಒತ್ತಿದರೆ ಇಡೀ ಅಂಚು ಒಂದೇ ಗೆರೆ ಆಗುತ್ತದೆ.

ಇನ್ನೊಂದು ರೋಗ ಡಬಲ್ ಗೆರೆ. ಜಾಲಿ ಪ್ಯಾನೆಲ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಒಂದು ಚೌಕ ಬರೆದು ಅದನ್ನೇ ಪಕ್ಕ ಪಕ್ಕ ಕಾಪಿ ಮಾಡಿದರೆ ಎರಡು ಚೌಕ ಸೇರುವ ಜಾಗದಲ್ಲಿ ಒಂದರ ಮೇಲೊಂದು ಎರಡು ಗೆರೆ ಕೂರುತ್ತವೆ. ಪರದೆಯ ಮೇಲೆ ಒಂದೇ ಕಾಣುತ್ತದೆ. ಮೆಷಿನ್ ಮಾತ್ರ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತದೆ. ಅಂಚು ಸುಡುತ್ತದೆ, ತುಂಡು ಸಡಿಲಾಗಿ ಎದ್ದು ನಿಂತು ಲೇಸರ್ ಹೆಡ್ಡಿಗೆ ತಾಗುವ ಅಪಾಯವೂ ಇದೆ, ಬಿಲ್ಲಿನಲ್ಲಿ ಮೀಟರ್ ಕೂಡ ಡಬಲ್. ಆಟೋಕ್ಯಾಡಿನಲ್ಲಿ ಇದಕ್ಕೆ ಓವರ್‌ಕಿಲ್ ಅಂತ ಒಂದು ಕಮಾಂಡ್ ಇದೆ, ಒಂದೇ ಸಲಕ್ಕೆ ಎಲ್ಲ ಡಬಲ್ ಗೆರೆ ಅಳಿಸುತ್ತದೆ. ನಾನು ಬಳಸುವ ಲಿಬ್ರೆಕ್ಯಾಡ್ 2.2.0ರಲ್ಲಿ ಅಂಥದ್ದು ಇಲ್ಲ, ಇದು ನನ್ನ ದೊಡ್ಡ ದೂರು. ಅದರ ಬದಲು ನಾನು ಮಾಡುವುದು ಇದು: ಒಂದು ಆಕಾರದ ಸುತ್ತ ಮೌಸಿನಿಂದ ಚೌಕಟ್ಟು ಎಳೆದು ಆಯ್ಕೆ ಮಾಡುತ್ತೇನೆ. ಎಷ್ಟು ಗೆರೆ ಆಯ್ಕೆ ಆಗಿದೆ ಅನ್ನುವ ಸಂಖ್ಯೆ ಕೆಳಗಿನ ಪಟ್ಟಿಯಲ್ಲಿ ಬರುತ್ತದೆ. ಚೌಕಕ್ಕೆ 4 ಬರಬೇಕು. 5 ಅಥವಾ 8 ಬಂದರೆ ಅಡಿಯಲ್ಲಿ ಏನೋ ಇದೆ. ನಿಧಾನದ ಕೆಲಸ ಹೌದು, ಆದರೆ ಅಭ್ಯಾಸ ಆದ ಮೇಲೆ ಒಂದು ಫೈಲಿಗೆ ಹತ್ತು ನಿಮಿಷ ಸಾಕು.

ಕೆಲವರು ಕೇಳುತ್ತಾರೆ, ಕಟಿಂಗ್ ಶಾಪಿನ ಸಾಫ್ಟ್‌ವೇರೇ ಇದನ್ನೆಲ್ಲ ಸರಿ ಮಾಡುತ್ತದಲ್ಲ ಅಂತ. ಹೌದು, ಸೈಪ್‌ಕಟ್ ಥರದ ಸಾಫ್ಟ್‌ವೇರುಗಳು ಫೈಲ್ ತೆಗೆದುಕೊಳ್ಳುವಾಗಲೇ ಡಬಲ್ ಗೆರೆ ತೆಗೆಯುವ, ಹತ್ತಿರದ ಗೆರೆ ಕೂಡಿಸುವ, ಚಿಕ್ಕ ಚೂರು ಅಳಿಸುವ ಕೆಲಸ ಮಾಡುತ್ತವೆ. ಆದರೆ ಅದು ಊಹೆ. ಚಿಕ್ಕ ಚೂರು ಅಂತ ಅದು ಅಳಿಸಿದ್ದು ನಿಮಗೆ ಬೇಕಾದ ಚಿಕ್ಕ ಹೋಲ್ ಆಗಿರಬಹುದು. ನಮ್ಮ ಡ್ರಾಯಿಂಗಿನಲ್ಲಿ ಯಾವುದು ಬೇಕು ಯಾವುದು ಬೇಡ ಅನ್ನುವುದು ನಮಗೆ ಗೊತ್ತು, ರಾತ್ರಿ ಶಿಫ್ಟಿನ ಆಪರೇಟರಿಗೆ ಹೇಗೆ ಗೊತ್ತಾಗಬೇಕು?

ಬಿಲ್ ವಿಷಯ ಬಂದಿದ್ದಕ್ಕೆ ಇನ್ನೊಂದು ಒಳ್ಳೇ ಗುಣ ಹೇಳುತ್ತೇನೆ. ಇನ್ಫೋ ಮೆನುವಿನಲ್ಲಿ ಆಯ್ಕೆ ಮಾಡಿದ ಗೆರೆಗಳ ಒಟ್ಟು ಉದ್ದ ತೋರಿಸುವ ಆಯ್ಕೆ ಇದೆ. ನಮ್ಮ ಕಡೆ ಕಟಿಂಗ್ ಚಾರ್ಜನ್ನು ಹೆಚ್ಚಾಗಿ ಗೆರೆಯ ಉದ್ದ ಮತ್ತು ಪಿಯರ್ಸಿಂಗ್ ಎಣಿಕೆ ನೋಡಿ ಹೇಳುತ್ತಾರೆ, ಕೆಲವರು ಮೆಷಿನ್ ಓಡಿದ ನಿಮಿಷಕ್ಕೆ ಹೇಳುತ್ತಾರೆ. 600 ಗುಣಿಲೆ 400 ಎಂಎಂ ಪ್ಲೇಟಿನಲ್ಲಿ 10 ಎಂಎಂನ 216 ಹೋಲ್ ಇದೆ ಅಂದುಕೊಳ್ಳಿ. ಹೊರ ಅಂಚು ಬರೀ 2 ಮೀಟರ್. ಹೋಲುಗಳದ್ದೇ 6.8 ಮೀಟರ್ ಹತ್ತಿರ ಆಗುತ್ತದೆ, ಜೊತೆಗೆ 217 ಸಲ ಚುಚ್ಚಬೇಕು. ಪ್ಲೇಟ್ ಚಿಕ್ಕದು, ರೇಟ್ ಯಾಕೆ ಇಷ್ಟು ಅಂತ ಗಿರಾಕಿ ಕೇಳಿದಾಗ ಈ ಲೆಕ್ಕ ತೋರಿಸುತ್ತೇನೆ. ಕೊಟೇಶನ್ ಕೊಡುವ ಮೊದಲೇ ಗೊತ್ತಾದರೆ ಕೈಯಿಂದ ದುಡ್ಡು ಹೋಗುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ಕನ್ನಡ ಅಕ್ಷರ. ಹೆಸರಿನ ಬೋರ್ಡ್ ನಮಗೆ ಒಳ್ಳೇ ಕೆಲಸ. ಇಲ್ಲಿ ಲಿಬ್ರೆಕ್ಯಾಡ್ ಒಂದೇ ಇದ್ದರೆ ಆಗುವುದಿಲ್ಲ. ಅದು ತನ್ನದೇ ಗೆರೆ ಫಾಂಟ್ ಬಳಸುತ್ತದೆ, ಕಂಪ್ಯೂಟರಿನಲ್ಲಿರುವ ಸಾಮಾನ್ಯ ಫಾಂಟುಗಳನ್ನು ಎತ್ತಿಕೊಳ್ಳುವುದಿಲ್ಲ. ಅದರಲ್ಲಿ ಕನ್ನಡ ಟೈಪ್ ಮಾಡುವ ಆಸೆ ಬಿಟ್ಟುಬಿಡಿ. ಅಕ್ಷರಕ್ಕೆ ನಾನು ಇಂಕ್‌ಸ್ಕೇಪ್ ಬಳಸುತ್ತೇನೆ, ಅದೂ ಉಚಿತ. ಯೂನಿಕೋಡ್ ಕನ್ನಡ, ಒತ್ತಕ್ಷರ ಎಲ್ಲ ಸರಿಯಾಗಿ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಉಚಿತ ಫಾಂಟುಗಳು. ಬಲೂ ತಮ್ಮದ ದಪ್ಪ ಗೆರೆ ಲೋಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಳೇ ನುಡಿ ಫಾಂಟಿನಲ್ಲಿ ಬರೆದ ಫೈಲ್ ಯಾರಾದರೂ ಕೊಟ್ಟರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆದ್ದರಿಂದ ಯಾವ ಫಾಂಟೇ ಆಗಲಿ, ಅಕ್ಷರವನ್ನು ಅಕ್ಷರವಾಗಿ ಕಳಿಸಬಾರದು. ಆಬ್ಜೆಕ್ಟ್ ಟು ಪಾತ್ ಒತ್ತಿ ಬರೀ ಅಂಚಿನ ಗೆರೆ ಮಾಡಿ ಕಳಿಸಬೇಕು.

ಇಷ್ಟು ನನಗೂ ಗೊತ್ತಿತ್ತು. ಆದರೂ ಒಂದು ಸಲ ದೊಡ್ಡ ತಪ್ಪು ಮಾಡಿದೆ. ಒಬ್ಬರು ಮನೆಗೆ ಕೃಷ್ಣ ಕೃಪಾ ಅಂತ ಹೆಸರು, 2 ಎಂಎಂ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಶೀಟಿನಲ್ಲಿ ಬಿಡಿ ಅಕ್ಷರ ಕಟ್ ಮಾಡಿಸಿ ಗ್ರಾನೈಟ್ ಮೇಲೆ ಅಂಟಿಸಬೇಕಿತ್ತು. ಪರದೆಯ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಪಾತ್ ಮಾಡಿದೆ, ಡಿಎಕ್ಸ್‌ಎಫ್ ಮಾಡಿದೆ, ವಾಟ್ಸಾಪಿನಲ್ಲಿ ಕಳಿಸಿದೆ. ಸಂಜೆ ಪಾರ್ಸೆಲ್ ಬಂತು. ಬಿಚ್ಚಿ ಮೇಜಿನ ಮೇಲೆ ಸುರಿದರೆ ಅಕ್ಷರಗಳೇ ಅಲ್ಲ, ಚೂರುಗಳು. ಕೃ ಇರಬೇಕಾದ ಜಾಗದಲ್ಲಿ ಒಂದು ಕ, ಅದರ ಬಲಗಡೆ ಕಚ್ಚಿದ ಹಾಗೆ ಒಂದು ಹಳ್ಳ. ಋಕಾರದ ಕೊಂಡಿ ಬೇರೆ ಬಿದ್ದಿತ್ತು, ಎರಡರ ನಡುವೆ ಇರಬೇಕಾದ ಎಲೆ ಆಕಾರದ ಪುಟ್ಟ ತುಂಡು ಇನ್ನೊಂದು ಕಡೆ. ಷ್ಣದ ಒತ್ತು ಕೂಡ ಹಾಗೇ.

ಆಗಿದ್ದು ಏನೆಂದರೆ, ಆ ಫಾಂಟಿನಲ್ಲಿ ಅಕ್ಷರ ಒಂದು ಆಕಾರ, ಅದರ ಗುಣಿತ ಚಿಹ್ನೆ ಇನ್ನೊಂದು ಆಕಾರ. ಎರಡೂ ಚೂರು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯಲ್ಲಿ ಎರಡಕ್ಕೂ ಕಪ್ಪು ಬಣ್ಣ ತುಂಬಿರುವುದರಿಂದ ಒಂದೇ ಅಕ್ಷರ ಅನ್ನಿಸುತ್ತದೆ. ಡಿಎಕ್ಸ್‌ಎಫ್ ಆದಾಗ ಬಣ್ಣ ಹೋಗಿ ಬರೀ ಅಂಚು ಉಳಿಯುತ್ತದೆ, ಆಗ ಒಂದರ ಅಂಚು ಇನ್ನೊಂದರ ಹೊಟ್ಟೆ ಸೀಳಿಕೊಂಡು ಹೋಗಿರುತ್ತದೆ. ಲೇಸರ್ ಆ ಗೆರೆಯನ್ನೂ ಕತ್ತರಿಸಿತು. ಆಪರೇಟರ್ ಒಡಿಶಾದ ಹುಡುಗ, ಕನ್ನಡ ಓದಲು ಬರುವುದಿಲ್ಲ. ಫೋನ್ ಮಾಡಿದಾಗ, "ಸಾರ್, ಡಿಸೈನೇ ಹಾಗಿದೆ ಅಂದುಕೊಂಡೆ" ಅಂದ. ಅವನದ್ದೇನೂ ತಪ್ಪಿಲ್ಲ. ಅವನಿಗೆ ಅದು ಒಂದು ಬಳ್ಳಿಯ ಚಿತ್ತಾರ ಇದ್ದ ಹಾಗೆ. ಅಕ್ಷರ ಸರಿಯಿದೆಯಾ ಅಂತ ನೋಡುವ ಜವಾಬ್ದಾರಿ ಕನ್ನಡ ಓದುವ ನನ್ನದು. ಗಿರಾಕಿಗೆ ಹೊಸದಾಗಿ ಮಾಡಿಸಿ ಕೊಟ್ಟೆ, ಶೀಟಿನ ದುಡ್ಡು ನಾನೇ ಹಾಕಿದೆ.

ಪರಿಹಾರ ಬಹಳ ಸುಲಭ. ಇಂಕ್‌ಸ್ಕೇಪಿನಲ್ಲಿ ಪಾತ್ ಮಾಡಿದ ಮೇಲೆ ಗುಂಪು ಬಿಡಿಸಿ, ಎಲ್ಲ ಆಯ್ಕೆ ಮಾಡಿ, ಯೂನಿಯನ್ ಒತ್ತಬೇಕು. ಹತ್ತಿ ಕೂತ ಆಕಾರಗಳು ಒಂದಾಗಿ ಒಳಗಿನ ಗೆರೆ ಮಾಯ ಆಗುತ್ತದೆ. ಆಮೇಲೆ ಬಣ್ಣ ತೆಗೆದು ಬರೀ ಅಂಚು ಇಟ್ಟು ಜೂಮ್ ಮಾಡಿ ಒಂದೊಂದು ಅಕ್ಷರವನ್ನೂ ನೋಡಬೇಕು. ಈಗ ನಾನು ಈ ಒಂದು ಹೆಜ್ಜೆ ಬಿಟ್ಟು ಫೈಲ್ ಕಳಿಸುವುದೇ ಇಲ್ಲ.

ಬಿಡಿ ಅಕ್ಷರ ಅಲ್ಲದೆ ಪ್ಲೇಟಿನಲ್ಲಿ ಅಕ್ಷರವನ್ನೇ ಕೊರೆದು ತೆಗೆಯುವ ಬೋರ್ಡ್ ಆದರೆ ಬೇರೆ ಸಮಸ್ಯೆ. ಆನಂದ ನಿಲಯ ಅಂತ ಕೊರೆಸಿದರೆ ಸೊನ್ನೆಯ ಮಧ್ಯದ ಬಿಲ್ಲೆ ಕೆಳಗೆ ಬಿದ್ದುಹೋಗುತ್ತದೆ, ಸೊನ್ನೆಯ ಜಾಗದಲ್ಲಿ ಒಂದು ದೊಡ್ಡ ತೂತು ಮಾತ್ರ ಉಳಿಯುತ್ತದೆ. ರ ಅಕ್ಷರದ ಹೊಟ್ಟೆಯೂ ಹಾಗೇ. ಮಠ ಅಂತ ಇದ್ದರೆ ಠದ ಒಳಗಿನ ಚುಕ್ಕಿ ಸಮೇತ ಬಿಲ್ಲೆ ಹೋಗುತ್ತದೆ. ಇಂಗ್ಲಿಷಿಗೆ ಸ್ಟೆನ್ಸಿಲ್ ಫಾಂಟ್ ಬೇಕಾದಷ್ಟು ಸಿಗುತ್ತವೆ, ಕನ್ನಡಕ್ಕೆ ನಾವೇ ಸೇತುವೆ ಕಟ್ಟಬೇಕು. ಈ ಕೆಲಸಕ್ಕೆ ಲಿಬ್ರೆಕ್ಯಾಡ್ ಬಹಳ ಚೆನ್ನಾಗಿದೆ. ಫೈಲನ್ನು ತೆರೆದು, ಪಾಲಿಲೈನನ್ನು ಎಕ್ಸ್‌ಪ್ಲೋಡ್ ಮಾಡಿ (ಬಿಡಿ ಬಿಡಿ ಗೆರೆಗಳಾಗಿ ಒಡೆದು), ಸೊನ್ನೆಯ ಮೇಲೆ ಅಡ್ಡಕ್ಕೆ 3 ಎಂಎಂ ಅಂತರದಲ್ಲಿ ಎರಡು ಗೆರೆ ಎಳೆದು, ನಡುವಿನ ಅಂಚನ್ನು ಟ್ರಿಮ್ ಮಾಡಿದರೆ ಸೇತುವೆ ಆಯಿತು. ಸೇತುವೆಯ ಅಗಲ ಶೀಟಿನ ದಪ್ಪಕ್ಕಿಂತ ಕಡಿಮೆ ಇರಬಾರದು. 2 ಎಂಎಂ ಶೀಟಿಗೆ ನಾನು 3 ಇಡುತ್ತೇನೆ, ಆಗ ಸಾಗಿಸುವಾಗ ಬಗ್ಗುವುದಿಲ್ಲ. ಎಲ್ಲಿ ಸೇತುವೆ ಹಾಕಿದರೆ ಓದಲು ತೊಂದರೆ ಆಗುವುದಿಲ್ಲ ಅನ್ನುವುದು ಕೈ ಪಳಗಿದ ಮೇಲೆ ಬರುತ್ತದೆ. ಸೊನ್ನೆಗೆ ಮೇಲೆ ಕೆಳಗೆ ಹಾಕುವುದಕ್ಕಿಂತ ಸ್ವಲ್ಪ ಓರೆಗೆ ಹಾಕಿದರೆ ಚೆಂದ ಕಾಣುತ್ತದೆ.

ಇಂಕ್‌ಸ್ಕೇಪಿನಿಂದ ಬರುವಾಗ ಎರಡು ಎಚ್ಚರಿಕೆ. ಒಂದು, ಬಾಗಿದ ಗೆರೆ. ಅಕ್ಷರದ ಬಾಗುಗಳು ಸ್ಪ್ಲೈನ್, ಅಂದರೆ ಕೆಲವು ಬಿಂದುಗಳ ಲೆಕ್ಕದಲ್ಲಿ ಬಾಗುವ ಗೆರೆ, ಆಗಿ ಬರುತ್ತವೆ. ಲಿಬ್ರೆಕ್ಯಾಡ್ ಅದನ್ನು ತೋರಿಸುತ್ತದೆ, ಆದರೆ ಸ್ಪ್ಲೈನನ್ನು ಟ್ರಿಮ್ ಮಾಡುವುದರಲ್ಲಿ ಅದರ ಕೈ ಓಡುವುದಿಲ್ಲ. ಇಂಕ್‌ಸ್ಕೇಪಿನಲ್ಲೇ ಫ್ಲಾಟನ್ ಬೆಜಿಯರ್ ಹಾಕಿ ಬಾಗುಗಳನ್ನು ಚಿಕ್ಕ ಚಿಕ್ಕ ನೇರ ತುಂಡು ಮಾಡಿಕೊಂಡು ಬಂದರೆ ಸುಲಭ. ತುಂಡು ತುಂಬ ದೊಡ್ಡದಾದರೆ ಅಂಚು ಮೂಲೆ ಮೂಲೆಯಾಗಿ ಕಾಣುತ್ತದೆ, ತುಂಬ ಚಿಕ್ಕದಾದರೆ ಸಾವಿರಾರು ಬಿಂದು ಆಗಿ ಮೆಷಿನ್ ತಡವರಿಸುತ್ತಾ ಹೋಗುತ್ತದೆ. ಫೋಟೋದಿಂದ ಟ್ರೇಸ್ ಮಾಡಿದ ದೇವರ ಚಿತ್ರ, ಬಳ್ಳಿ, ನವಿಲು ಇವುಗಳಲ್ಲಿ ಈ ಬಿಂದುಗಳ ಕಾಟ ಬಹಳ ಜಾಸ್ತಿ. ಅಲ್ಲಿ ಮೊದಲು ಸಿಂಪ್ಲಿಫೈ ಒಂದೆರಡು ಸಲ ಒತ್ತಿ ಬಿಂದು ಕಡಿಮೆ ಮಾಡಿ. ಬೋಲ್ಟ್ ಹೋಲುಗಳನ್ನು ಮಾತ್ರ ಇಂಕ್‌ಸ್ಕೇಪಿನಿಂದ ತರಬೇಡಿ, ಅಲ್ಲಿಯ ವೃತ್ತ ನಾಲ್ಕು ಬಾಗಿದ ಗೆರೆಗಳ ಜೋಡಣೆ. ಅದನ್ನು ಅಳಿಸಿ ಲಿಬ್ರೆಕ್ಯಾಡಿನಲ್ಲಿ ನಿಜವಾದ ವೃತ್ತ ಹಾಕಿ.

ಎರಡನೆಯದು ಅಳತೆ. ಡಿಎಕ್ಸ್‌ಎಫ್‌ನಲ್ಲಿ ಇರುವುದು ಬರೀ ಸಂಖ್ಯೆ. 6 ಅಂದರೆ 6 ಇಂಚಾ, 6 ಎಂಎಂಆ? ಆಟೋಕ್ಯಾಡ್ 2000 ಆವೃತ್ತಿಯ ಮಾದರಿಯ ಫೈಲುಗಳಲ್ಲಿ ಅಳತೆ ಯಾವುದು ಅಂತ ಹೇಳುವ ಒಂದು ಸಾಲು ಇರುತ್ತದೆ, 1 ಇದ್ದರೆ ಇಂಚು, 4 ಇದ್ದರೆ ಎಂಎಂ. ಹಳೇ ಆರ್12 ಮಾದರಿಯಲ್ಲಿ ಆ ಜಾಗವೇ ಇಲ್ಲ. 150 ಎಂಎಂ ಬ್ರಾಕೆಟ್ಟನ್ನು ಇಂಚು ಅಂದುಕೊಂಡು ತೆರೆದರೆ 3810 ಎಂಎಂ ಆಗುತ್ತದೆ, ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಬೀಳದೇ ಇರುವ ತಪ್ಪು ಅಪಾಯ. ಇಂಕ್‌ಸ್ಕೇಪ್ 2017ರಲ್ಲಿ 0.92 ಆವೃತ್ತಿಯಿಂದ ಒಂದು ಇಂಚಿಗೆ 90 ಚುಕ್ಕಿ ಇದ್ದದ್ದನ್ನು 96 ಮಾಡಿತು. ಅದಕ್ಕೂ ಹಿಂದಿನ ಹಳೇ ಫೈಲನ್ನು ಗಮನಿಸದೆ ತೆರೆದರೆ 600 ಎಂಎಂ ಪ್ಲೇಟ್ 562.5 ಎಂಎಂ ಆಗಿಬಿಡಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಲಿಬ್ರೆಕ್ಯಾಡಿಗೆ ತಂದ ಮೇಲೆ ಮೊದಲ ಕೆಲಸ, ಗೊತ್ತಿರುವ ಒಂದು ಉದ್ದವನ್ನು ಇನ್ಫೋ ಮೆನುವಿನಿಂದ ಅಳೆದು ನೋಡುವುದು.

ಲೇಯರ್ ವಿಷಯದಲ್ಲಿ ನನ್ನ ಪದ್ಧತಿ ಸರಳ. ಕಟ್ ಅಂತ ಒಂದು ಲೇಯರ್, ಬೆಂಡ್ ಅಂತ ಒಂದು, ಅಳತೆ ಮತ್ತು ಟಿಪ್ಪಣಿಗೆ ಇನ್ನೊಂದು. ಕಳಿಸುವ ಮೊದಲು ಇನ್ನೊಂದು ಹೆಸರಿನಲ್ಲಿ ಸೇವ್ ಮಾಡಿ ಕಟ್ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುತ್ತೇನೆ. ಲೇಯರನ್ನು ಸುಮ್ನೆ ಮರೆ ಮಾಡಿ ಕಳಿಸಬೇಡಿ, ಆ ಕಡೆ ಸಾಫ್ಟ್‌ವೇರಿನಲ್ಲಿ ಅದು ಮತ್ತೆ ಎದ್ದು ಕೂರಬಹುದು. ಅಳತೆ ಇರುವ ಡ್ರಾಯಿಂಗನ್ನು ಪಿಡಿಎಫ್ ಮಾಡಿ ಜೊತೆಗೆ ಕಳಿಸುತ್ತೇನೆ. ಫೈಲಿನ ಹೆಸರಲ್ಲೇ ಶೀಟು, ದಪ್ಪ, ಎಷ್ಟು ನಂಬರ್ ಅಂತ ಬರೆಯುತ್ತೇನೆ.

ಹೋಲಿನ ಬಗ್ಗೆಯೂ ಹೇಳಬೇಕು. ಶೀಟಿನ ದಪ್ಪಕ್ಕಿಂತ ಚಿಕ್ಕ ಹೋಲ್ ಲೇಸರಿನಲ್ಲಿ ಹಾಕಿಸದಿರುವುದು ಒಳ್ಳೆಯದು. 6 ಎಂಎಂ ಪ್ಲೇಟಿನಲ್ಲಿ ಎಂ4 ಟ್ಯಾಪಿಗೆ, ಅಂದರೆ 4 ಎಂಎಂ ಸ್ಕ್ರೂವಿನ ಥ್ರೆಡ್ ಹಾಕಲು, 3.3 ಎಂಎಂ ಬೇಕು ಅಂದರೆ ಅಲ್ಲಿ ಬರೀ ಗುರುತು ಮಾಡಿಸಿ, ಬಂದ ಮೇಲೆ ನಮ್ಮ ಡ್ರಿಲ್ಲಿನಲ್ಲಿ ಹಾಕುತ್ತೇವೆ. ಕಂಬದ ಬೇಸ್ ಪ್ಲೇಟಿನಲ್ಲಿ ಎಂ16 ಬೋಲ್ಟಿಗೆ 18 ಎಂಎಂ ಹೋಲ್ ಬರೆಯಬೇಕು, 16 ಅಲ್ಲ. ಇದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ.

ಲಿಬ್ರೆಕ್ಯಾಡ್ ಕೈಕೊಡುವುದು ಬೆಂಡಿಂಗ್ ಕೆಲಸದಲ್ಲಿ. ಮಡಚುವ ಶೀಟಿನ ಬಿಚ್ಚಿದ ಅಳತೆಯನ್ನು ಅದು ಲೆಕ್ಕ ಹಾಕುವುದಿಲ್ಲ, ನಾವೇ ಹಾಕಬೇಕು. 2 ಎಂಎಂ ಶೀಟಿನಲ್ಲಿ ಹೊರಗಡೆ 50, 50 ಬರುವ ಒಂದು ಎಲ್ ಆಂಗಲ್, ಒಳ ತ್ರಿಜ್ಯ 2 ಎಂಎಂ ಅಂದುಕೊಳ್ಳಿ. ಬಿಚ್ಚಿದ ಉದ್ದ 100 ಅಲ್ಲ. ಪ್ರತಿ ಬದಿಯಲ್ಲಿ ನೇರ ಭಾಗ 46. ಕೆ ಫ್ಯಾಕ್ಟರ್ (ಮಡಚಿದಾಗ ಉದ್ದ ಬದಲಾಗದ ಪದರ ಶೀಟಿನ ದಪ್ಪದಲ್ಲಿ ಎಲ್ಲಿದೆ ಅನ್ನುವ ಅಂಕಿ) 0.4 ಹಿಡಿದರೆ ಬಾಗಿದ ಭಾಗ 4.4. ಒಟ್ಟು 96.4 ಎಂಎಂ. ಒಂದು ಬೆಂಡಿಗೆ 3.6 ವ್ಯತ್ಯಾಸ. ನಾಲ್ಕು ಬೆಂಡ್ ಇರುವ ಬಾಕ್ಸಿನಲ್ಲಿ ಇದು 14 ಎಂಎಂ ದಾಟುತ್ತದೆ, ಮುಚ್ಚಳ ಕೂರುವುದೇ ಇಲ್ಲ. ಕೆ ಫ್ಯಾಕ್ಟರ್ ಬೆಂಡಿಂಗ್ ಮೆಷಿನ್, ಡೈ, ಶೀಟು ನೋಡಿ ಬದಲಾಗುತ್ತದೆ, ಬೆಂಡಿಂಗ್ ಮಾಡುವವರನ್ನೇ ಕೇಳಿ. ಬೆಂಡ್ ಕೆಲಸವೇ ಜಾಸ್ತಿ ಇರುವವರು ಶೀಟ್ ಮೆಟಲ್ ಇರುವ 3ಡಿ ಸಾಫ್ಟ್‌ವೇರ್ ನೋಡುವುದು ಒಳ್ಳೆಯದು.

ಉಳಿದ ಕೊರತೆಗಳು: ಆಟೋಕ್ಯಾಡಿನ ಸ್ವಂತ ಮಾದರಿಯಾದ ಡಿಡಬ್ಲ್ಯುಜಿ ಫೈಲ್ ಅರ್ಧಂಬರ್ಧ ಓದುತ್ತದೆ, ಬರೆಯುವುದಿಲ್ಲ. ಆರ್ಕಿಟೆಕ್ಟುಗಳು ಡಿಡಬ್ಲ್ಯುಜಿ ಕಳಿಸಿದರೆ ಡಿಎಕ್ಸ್‌ಎಫ್ ಮಾಡಿ ಕಳಿಸಿ ಅಂತ ಕೇಳುತ್ತೇನೆ, ಇಲ್ಲದಿದ್ದರೆ ಒಡಿಎ ಫೈಲ್ ಕನ್ವರ್ಟರ್ ಅಂತ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಬದಲಾಯಿಸಿಕೊಳ್ಳುತ್ತೇನೆ. ನೆಸ್ಟಿಂಗ್ ಇಲ್ಲ, ಆದರೆ ಶೀಟಿನಲ್ಲಿ ತುಂಡು ಜೋಡಿಸುವುದು ಕಟಿಂಗ್ ಶಾಪಿನ ಕೆಲಸ, ನನಗೆ ಬೇಕಾಗಿಲ್ಲ. ಇಡೀ ಅಂಚಿಗೆ ಸಮಾನಾಂತರ ಅಂಚು ಎಳೆಯುವುದು ತೊಡಕು, ಒಂದೊಂದು ಗೆರೆಗೂ ಬೇರೆ ಬೇರೆ ಮಾಡಿ ಮೂಲೆ ಕೂಡಿಸಬೇಕಾಗುತ್ತದೆ. ದಿನಾ ಹತ್ತಾರು ಫೈಲ್ ಮಾಡುವವರಿಗೆ ಇದು ಬೇಜಾರು ತರಿಸುತ್ತದೆ. ಅಂಥವರು ಕ್ಯುಕ್ಯಾಡಿನ ದುಡ್ಡು ಕೊಡುವ ಪ್ರೊಫೆಷನಲ್ ಆವೃತ್ತಿ ನೋಡಬಹುದು. ಮೆನು ಹೆಚ್ಚುಕಡಿಮೆ ಇದೇ ಥರ ಇರುವುದರಿಂದ ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ.

ನನ್ನ ಕೆಲಸಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಡಬಲ್ ಗೆರೆ ಹುಡುಕುವ ಒಂದು ಬಟನ್ ಕೊಟ್ಟಿದ್ದರೆ ನಾಲ್ಕೂವರೆ. ನಮ್ಮ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಹುಡುಗ ಹತ್ತನೇ ಕ್ಲಾಸ್ ಓದಿದವನು, ಎರಡು ವಾರದಲ್ಲಿ ಫ್ಲಾಂಜು, ಗಸೆಟ್ ಪ್ಲೇಟು ತಾನೇ ಬರೆಯುವುದು ಕಲಿತ. "ಅಣ್ಣಾ, ಕಾಂಟೂರ್ ನೋಡಿದ್ದೀನಿ, ಮುಚ್ಚಿದೆ, ಕಳಿಸ್ಲಾ?" ಅಂತ ಈಗ ಅವನೇ ಕೇಳುತ್ತಾನೆ.

ಹೊಸದಾಗಿ ಹಾಕಿಕೊಳ್ಳುವವರು ಮೊದಲು ಡ್ರಾಯಿಂಗ್ ಪ್ರಿಫರೆನ್ಸಿಗೆ ಹೋಗಿ ಯೂನಿಟ್ ಮಿಲಿಮೀಟರ್ ಮಾಡಿಕೊಳ್ಳಿ. ಆಮೇಲೆ 100 ಎಂಎಂ ಚೌಕ, ಅದರ ಮಧ್ಯೆ 20 ಎಂಎಂ ವೃತ್ತ ಬರೆದು ನಿಮ್ಮ ಕಟಿಂಗ್ ಶಾಪಿಗೆ ಕಳಿಸಿ, ಯಾವುದಾದರೂ ಸ್ಕ್ರ್ಯಾಪ್ ತುಂಡಿನಲ್ಲಿ ಕಟ್ ಮಾಡಿಕೊಡಿ ಅಂತ ಕೇಳಿ. ಬಂದ ತುಂಡಿಗೆ ವರ್ನಿಯರ್ ಹಿಡಿದು ಹೊರಗಿನ ಅಳತೆ, ಹೋಲಿನ ಅಳತೆ ಎರಡೂ ಬರೆದಿಟ್ಟುಕೊಳ್ಳಿ. ನಮ್ಮ ಮೊದಲ ತುಂಡು ಇನ್ನೂ ಶೆಡ್ಡಿನ ಗೋಡೆಗೆ ನೇತು ಹಾಕಿದೆ. ಹೋಲ್ 19.9 ಬಂದಿತ್ತು.